ಕೊರಾಲೀಯ ನೀಲಿ ಬಟ್ಟಲು

ಕೊರಾಲೀ ಸತ್ತು ಐವತ್ತು ವರ್ಷವಾಗಿತ್ತು. ಆದರೂ ಓಜೆಲ್ಲಾಳ ಸಂಸಾರದ ನಡುವೆ ಕಾಲು ಚಾಚಿಕೊಂಡು ಕೂತಿದ್ದಳು. ಓಜೆಲ್ಲಾ ಬೆಂಡೆಕಾಯಿ ಹುರಿದರೆ ಗಂಡ ಲೂಷಿಯಸ್, "ಕೊರಾಲೀ ಇದಕ್ಕೆ ಜೋಳದ ಹಿಟ್ಟು ಇನ್ನೊಂಚೂರು ಹಾಕ್ತಿದ್ಳು" ಎನ್ನುತ್ತಿದ್ದ. ಆಗ ಈ ಎರಡನೇ ಹೆಂಡತಿಯ ಹೊಟ್ಟೆಯಲ್ಲಿ ಏಳುತ್ತಿದ್ದ ಉರಿಯಲ್ಲಿ ಇಡೀ ಜಾರ್ಜಿಯಾಕ್ಕೆ ಅಡುಗೆ ಮಾಡಬಹುದಿತ್ತು. ಈಗ ಲೂಷಿಯಸನೂ ಹೋಗಿದ್ದ. ಉರಿ ಮಾತ್ರ ಆರಿರಲಿಲ್ಲ.

ಕಾರ್ಖಾನೆಗೆಂದು ಕಪ್ಪು ಜನರ ಅವರ ಊರನ್ನೇ ಒಕ್ಕಲೆಬ್ಬಿಸಿದ ಮೇಲೆ ಪೈನ್ ಮರಗಳಡಿಯ ಸ್ಮಶಾನವೊಂದೇ ಉಳಿದಿತ್ತು. ಈಗ ಅಲ್ಲಿಗೂ ರಸ್ತೆ ಬರುತ್ತಿತ್ತು. ಗುರುತು ಸಿಕ್ಕ ಸಮಾಧಿಗಳು ಬೇಲಿಯೊಳಗೆ, ಸಿಗದವು ರಸ್ತೆಯಡಿಗೆ. ಲೂಷಿಯಸನ ತಂಗಿಯ ಮಗಳು ವರ್ನೆಲ್ ಚದುರಿಹೋದವರನ್ನೆಲ್ಲ ಸೇರಿಸಿ ಕಳೆ ಕೀಳಿಸುತ್ತಿದ್ದಳು. ಓಜೆಲ್ಲಾಳನ್ನೂ ಕರೆತಂದಿದ್ದಳು.

"ಅತ್ತೆ, ಕೊರಾಲೀ ಅತ್ತೆ ಎಲ್ಲಿದಾಳೆ?"

"ನನ್ನನ್ಯಾಕೆ ಕೇಳ್ತೀಯೇ? ಸವತಿ ಕಾಯೋಕೆ ನಂಗೇನು ಸಂಬಳ ಕೊಟ್ಟಿದ್ರಾ?"

"ಈಸ್ಟರ್ ಬಂದ್ರೆ ಮಾವ ಹೂ ಹಿಡ್ಕೊಂಡು ಕದ್ದು ಬರ್ತಿದ್ದ, ಅವನ ಹಿಂದೆ ನೀನು ಕದ್ದು ಬರ್ತಿದ್ದೆ. ಊರಿಗೇ ಗೊತ್ತು. ಹೇಳದಿದ್ರೆ ಅವಳ ಮೇಲೆ ಲಾರಿ ಓಡ್ತವೆ."

"ಓಡ್ಲಿ! ಅವಳು ನನ್ನೆದೆ ಮೇಲೆ ಓಡಾಡಿದ್ದು ಕಮ್ಮೀನಾ?"

ಹಾಗೆಂದವಳು ಎಲ್ಲೂ ತಡವರಿಸದೆ ಸೀದಾ ಕೊರಾಲೀಯ ಮೂಲೆಗೇ ನಡೆದಳು. ಯಾವತ್ತೂ ಮರದ ಮರೆಯಿಂದ ನೋಡಿದ್ದಳೇ ಹೊರತು ಹತ್ತಿರ ಬಂದವಳಲ್ಲ. ಬಳ್ಳಿ ಸರಿಸಿದಳು. ಸಮಾಧಿಗೆ ಹೊದಿಸಿದ ಬಿಳಿ ಚಿಪ್ಪುಗಳ ನಡುವೆ ಕೊರಾಲೀ ಕೊನೆಯ ಗುಟುಕು ಕುಡಿದ ನೀಲಿ ಬಟ್ಟಲು. ಒಡೆದಿರಲಿಲ್ಲ!

ಹಿಂದೆಯೇ ಬಂದ ವರ್ನೆಲ್ ಬಾಯಿಗೆ ಕೈ ಇಟ್ಟುಕೊಂಡಳು. ಅವರ ಜನರ ಪದ್ಧತಿಯಂತೆ, ಸತ್ತವರು ಕೊನೆಗೆ ಬಳಸಿದ ಬಟ್ಟಲಿನ ತಳ ಒಡೆದೇ ಸಮಾಧಿಯ ಮೇಲಿಡಬೇಕು. ಇಲ್ಲವಾದರೆ ಅವರು ಮನೆಯ ಇನ್ನೊಬ್ಬರನ್ನು ಕರೆದುಕೊಳ್ಳುತ್ತಾರೆ.

"ಮಾವ ಒಡೆಯೋದು ಮರೆತಿರ್ಬೇಕು."

"ಮರೆತನಾ? ಅವನು?" ಓಜೆಲ್ಲಾ ಸಿಡುಕಿದಳು. "ಇವಳು ಕರೀಲಿ ಅಂತ ಕಾಯ್ತಿದ್ದ ಕಣೇ. ಇಲ್ಲಿ ಬಾಗ್ಲು ತೆಗೆದಿಟ್ಟು ಹೋಗಿ ನನ್ನ ಮದುವೆಯಾದ ಕಳ್ಳ!"

ಮಂಡಿಯೂರಿ ಬಟ್ಟಲಿನ ಮಣ್ಣು ಒರೆಸಿದಳು.

"ಕರೆದಿದ್ರೆ ಅವನು ಚಪ್ಪಲಿನೂ ಹಾಕ್ಕೊಳ್ದೆ ಓಡಿ ಬರ್ತಿದ್ದ. ಕರೀಲಿಲ್ಲ ನೋಡು ಇವಳು. ಅವನನ್ನ ನಂಗೇ ಬಿಟ್ಕೊಟ್ಲು."

ಕಲ್ಲೊಂದನ್ನು ಎತ್ತಿಕೊಂಡು ಬಟ್ಟಲಿನ ತಳಕ್ಕೆ ಠಣ್ಣನೆ ಕುಟ್ಟಿದಳು.

"ಈಗ್ಯಾಕೆ ಒಡೆದೆ ಅತ್ತೆ?"

"ಮನೇಲಿ ಉಳಿದಿರೋಳು ನಾನೊಬ್ಳೇ ಅಲ್ವಾ! ಇನ್ಯಾರನ್ನ ಕರೀತಾಳೆ?" ಚೂರುಗಳನ್ನು ಚಿಪ್ಪುಗಳ ನಡುವೆ ಜೋಡಿಸಿಟ್ಟು ಮೊಣಕಾಲು ಹಿಡಿದು ಎದ್ದಳು. "ಬೇಲಿ ಇವಳಿಂದಾಚೆ ಹಾಕ್ಸು. ಗೋರಿಕಲ್ಲಿನ ಮೇಲೆ ಲೂಷಿಯಸನ ಹೆಂಡ್ತಿ ಅಂತ ಬರೆಸು."

ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಮೊದಲನೇ ಹೆಂಡ್ತಿ ಅಂತ ಬರೆಸೇ! ನೋಡ್ದೋರು ಎರಡನೆಯೋಳು ಯಾರು ಅಂತ ಕೇಳ್ಬೇಕು."