ಇಂದ್ರಾಣಿ ತಂದ ಇಡ್ಲಿ

ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಬೂದಿಕೋಟೆಯ ಕದಿರಮ್ಮನಿಗೆ ಆ ಬೆಳಿಗ್ಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ರಾತ್ರಿ ಊಟದ ಮೇಲೆ ಏನೂ ತಿನ್ನಕೂಡದೆಂದು ನರ್ಸು ಹೇಳಿದ್ದಳು. ಸೊಸೆ ಸುಮಲತ ಔಷಧಿ ತರಲು ಕೆಳಗಿಳಿದಿದ್ದಾಗ, ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ಹಳೆಯ ಗೆಳತಿ ಇಂದ್ರಾಣಿ ಮಾರಿಕುಪ್ಪಂ ರೈಲಿಳಿದು ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ.

"ಸಾಪಿಡು ಕದಿರಕ್ಕಾ, ತಿನ್ನು. ಖಾಲಿ ಒಟ್ಟೇಲಿ ಯಾರಾದ್ರೂ ಆಪರೇಷನ್‌ಗೆ ಓಗ್ತಾರಾ?"

ಬೇಡವೆನ್ನಲು ಕದಿರಮ್ಮನಿಗೆ ಬಾಯಿ ಬರಲಿಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವಳು ಮೊದಲ ಬಸ್ಸಿಗೆ ಹಾಲಿನ ಕ್ಯಾನು ಏರಿಸಿಕೊಂಡು ಹೋಗಿ, ಕಾರ್ಮಿಕರ ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಇಂದ್ರಾಣಿ ತನ್ನ ಗಂಡ ಸೆಲ್ವರಾಜ್‌ನನ್ನು ಪಾಳಿಗೆ ಕಳಿಸಿ, ಇವಳನ್ನು ಒಲೆಯ ಮುಂದೆ ಕೂರಿಸಿ, ಬಿಸಿ ಇಡ್ಲಿ, ಬೆಳ್ಳುಳ್ಳಿ ಖಾರದ ಚಟ್ನಿ ಬಡಿಸುತ್ತಿದ್ದಳು. ಹಸಿದ ಹೊಟ್ಟೆಯಲ್ಲಿ ಹೊಸಿಲು ದಾಟಲು ಬಿಟ್ಟವಳೇ ಅಲ್ಲ. ಈಗ ಮುಚ್ಚಳ ತೆಗೆದಾಗ ಬಂದದ್ದು ಅದೇ ಘಮ. ಕದಿರಮ್ಮ ತಿಂದೇಬಿಟ್ಟಳು.

ಸ್ವಲ್ಪ ಹೊತ್ತಿಗೆ ಅರಿವಳಿಕೆ ಕೊಡುವ ಡಾಕ್ಟರು ಶಶಿರೇಖ ಬಂದರು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ ಅಮ್ಮಾ?"

"ಏನೂ ಇಲ್ಲಮ್ಮ." ಇಂದ್ರಾಣಿಯನ್ನು ಬೈದುಬಿಟ್ಟಾರೆಂಬ ಭಯ ಕದಿರಮ್ಮನಿಗೆ.

"ನಿಜ ಹೇಳಿ. ಪ್ರಜ್ಞೆ ತಪ್ಪಿಸಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ."

ಇಂದ್ರಾಣಿಯ ಮುಖ ಬಿಳಿಚಿಕೊಂಡಿತು. "ತಿಂದವ್ಳೆ ಡಾಕ್ಟರಮ್ಮಾ. ನಾನೇ ತಿನ್ಸಿದ್ದು. ಬೈಯೋದಾದ್ರೆ ನನ್ನ ಬಯ್ರಿ."

ಶಶಿರೇಖ ಬೈಯಲಿಲ್ಲ. ಆಪರೇಷನ್ ಮಾರನೆಯ ದಿನಕ್ಕೆ ಹಾಕಿದರು. "ಮುಗಿದ ಮೇಲೂ ಮೊದಲು ನೀರು, ಆಮೇಲೆ ತೆಳ್ಳನೆ ಗಂಜಿ. ಖಾರ, ಎಣ್ಣೆ ಕೆಲವು ದಿನ ಬೇಡ," ಎಂದು ಹೇಳಿ ಹೋದರು. ವಿಷಯ ತಿಳಿದ ಸುಮಲತ ಮುಖ ಗಂಟಿಕ್ಕಿಕೊಂಡು ವರಾಂಡದಲ್ಲಿ ಕುಳಿತಳು.

"ನನ್ನಿಂದ ನಿನ್ನ ಪ್ರಾಣಾನೇ ಓಗ್ಬುಡ್ತಿತ್ತಲ್ಲಕ್ಕಾ," ಎಂದು ಇಂದ್ರಾಣಿ ಅತ್ತಳು.

"ಸುಮ್ಕಿರು, ಸುಳ್ಳು ಏಳ್ದೋಳು ನಾನು. ಬಾ, ಇಲ್ಲಿ ಕೂತ್ಕೋ. ಇಂಗೆ ಮಾತಾಡಿ ಎಷ್ಟ್ ಕಾಲ ಆಯ್ತು!"

ಅಂದು ಸಂಜೆಯವರೆಗೂ ಇಬ್ಬರೂ ಚಾಂಪಿಯನ್ ರೀಫ್ಸಿನ ಗಲ್ಲಿಗಳಲ್ಲೇ ಇದ್ದರು. ನಲ್ಲಿಯ ಮುಂದಿನ ಕೊಡಗಳ ಜಗಳ ನೆನೆದು ನಕ್ಕರು. ಗಣಿ ಮುಚ್ಚಿದ ಮೇಲೆ ಕದಿರಮ್ಮನ ಹಾಲು ಊರಿನ ಡೈರಿಗೆ ಹೋಯಿತು, ಲೈನ್ ಮನೆಗಳಿಗೆ ಹೋಗುವುದು ತಪ್ಪಿತು. "ಗಣಿ ಸೈರನ್ ನಿಂತ್ಮೇಲೆ ಒಲೆ ಯಾವಾಗ ಅಚ್ಬೇಕು ಅಂತಾನೇ ತಿಳೀತಿರ್ಲಿಲ್ಲ ಕದಿರಕ್ಕಾ. ಅವ್ರೂ ಮನೇಲಿ ಸುಮ್ನೆ ಕೂತಿರೋರು," ಎಂದಳು ಇಂದ್ರಾಣಿ. ತೀರಿಕೊಂಡ ಸೆಲ್ವರಾಜ್‌ನ ಮಾತು ಬಂದಾಗ ಕದಿರಮ್ಮ ಅವಳ ಕೈ ಹಿಡಿದುಕೊಂಡಳು.

ಮಾರನೆಯ ದಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಸಂಜೆ ಡಾಕ್ಟರ ಅಪ್ಪಣೆಯಾದ ಮೇಲೆ ಸುಮಲತ ಗಂಜಿ ತಂದಳು. ಇಂದ್ರಾಣಿ ಹತ್ತಿರ ಬರಲು ಅಂಜಿ ಬಾಗಿಲಲ್ಲೇ ನಿಂತಿದ್ದಳು. ಸುಮಲತ ಅವಳನ್ನು ಒಂದು ಗಳಿಗೆ ನೋಡಿ ಲೋಟ, ಚಮಚ ಮುಂದೆ ಚಾಚಿದಳು.

"ಬನ್ನಿ ಅತ್ತೆ, ನೀವೇ ಕುಡ್ಸಿ. ಮೆಲ್ಲಗೆ."