ನೂರು ಹೆಜ್ಜೆಯ ಮೈದಾನ

"ಮಂಡಿ ಮಡಚಬೇಡಿ," ಎಂದಳು ಹೆಂಡತಿ. "ಬೇರೆ ಪೆಟ್ಟಿಗೆ ಮಾಡ್ಕೊಂಡು ಬನ್ನಿ."

ಬಡಗಿ ತಲೆ ಕೆರೆದುಕೊಂಡ. ಅಂಗಡಿಯಲ್ಲಿ ಸಿದ್ಧವಿದ್ದ ಪೆಟ್ಟಿಗೆಯನ್ನೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಿದ್ದ. ಹೆಣವನ್ನು ಎತ್ತಿ ಮಲಗಿಸಿದರೆ ಎರಡೂ ಹಿಮ್ಮಡಿಗಳು ಅಂಚಿನ ಮೇಲೆ ಕೂತವು. ಅಷ್ಟುದ್ದದ ಕಾಲು ಆ ಊರಿನಲ್ಲಿ ಇನ್ನೊಬ್ಬರಿಗಿರಲಿಲ್ಲ.

"ಒಂಚೂರು ಮಡಚಿದ್ರೆ ಸರಿಹೋಗುತ್ತಮ್ಮ. ಮೇಲೆ ಬಟ್ಟೆ ಹೊದಿಸಿದ್ರೆ ಯಾರಿಗೂ ಗೊತ್ತಾಗಲ್ಲ."

"ಇಪ್ಪತ್ತೈದು ವರ್ಷ ಆ ಎಡಗಾಲು ಮಡಚೋಕಾಗದೆ ಒದ್ದಾಡಿದಾರೆ. ಬದುಕಿದ್ದಾಗ ಮಡಚದೇ ಇದ್ದಿದ್ದು ಈಗ ಮಡಚುತ್ತಾ?"

ಬಡಗಿ ಹೆಣವನ್ನು ಮತ್ತೆ ಹಾಸಿಗೆಗೆ ಇಳಿಸಿದ. ಟೇಪು ತೆಗೆದು ನೆತ್ತಿಯಿಂದ ಪಾದದವರೆಗೆ ಅಳೆದ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಮೂರು ಗಂಟೆ ದಾಟುತ್ತೆ," ಎಂದು ಹೇಳಿ ಖಾಲಿ ಪೆಟ್ಟಿಗೆಯನ್ನು ತಳ್ಳಿಕೊಂಡು ಹೊರಟ.

"ಮೂರು ದಾಟಿದ್ರೆ ಕಷ್ಟ," ಎಂದ ಮೂಲೆಯಲ್ಲಿ ಕೂತಿದ್ದ ದರ್ಜಿ. ಪಕ್ಕದ ಮನೆಯವನು, ಸತ್ತವನಿಗಿಂತ ಹನ್ನೆರಡು ವರ್ಷ ಚಿಕ್ಕವನು. "ನಾಲ್ಕಕ್ಕೆ ಮೈದಾನದಲ್ಲಿ ಮ್ಯಾಚಿದೆ ಅತ್ತಿಗೆ. ಬೇಕಾದ್ರೆ ರಸ್ತೆ ಮೇಲೇ ಹೋಗೋಣ. ಸುತ್ತಾದ್ರೂ ಯಾರ ಹಂಗೂ ಇಲ್ಲ."

ಸ್ಮಶಾನ ಇರುವುದು ಮೈದಾನದ ಆಚೆ. ರಸ್ತೆ ಊರನ್ನೆಲ್ಲ ಬಳಸಿ ಹೋಗುತ್ತದೆ, ಮೈದಾನದೊಳಗಿಂದ ಹೋದರೆ ಹತ್ತು ನಿಮಿಷ. ಹೋದ ತಿಂಗಳು ಕೆಮ್ಮು ಜೋರಾದಾಗ ಗಂಡ ಹೇಳಿದ್ದ: "ನನ್ನನ್ನು ಮೈದಾನದ ಮೂಲಕ ಕರ್ಕೊಂಡು ಹೋಗು. ಒಂದೇ ಒಂದು ಸಲ. ಹೆಜ್ಜೆ ಎಣಿಸೋ ಕೆಲಸ ನನಗಿರಲ್ಲ, ಹೊರೋರು ನೋಡ್ಕೋತಾರೆ." ಹೇಳಿ ತಾನೇ ನಕ್ಕಿದ್ದ. ಅವಳು ನಕ್ಕಿರಲಿಲ್ಲ. "ಆ ಸಂಘದ ಅಧ್ಯಕ್ಷನ ಮುಂದೆ ನಿಂತು ದಾರಿ ಬಿಡು ಅಂತ ಕೇಳು ಅಂತೀರಾ? ನನ್ನ ಕೈಲಾಗಲ್ಲ," ಎಂದಿದ್ದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಅವನ ಸ್ವಭಾವವೇ ಹಾಗೆ. ಒಂದು ಸಲ ಕೇಳುತ್ತಿದ್ದ, ಇಲ್ಲವೆಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಹೊರಗೆ ಅವಳ ತಮ್ಮ ಬಾಡಿಗೆಗೆ ತಂದ ಇಪ್ಪತ್ತು ಕುರ್ಚಿಗಳನ್ನು ಸಾಲಾಗಿ ಹಾಕಿದ್ದ. ಬೆಳಗಿನ ಬಸ್ಸಿಗೆ ಬಂದವನು, ಊರಿನ ವಿಷಯ ಅವನಿಗೆ ಅಷ್ಟಾಗಿ ಗೊತ್ತಿಲ್ಲ. ಹನ್ನೊಂದು ಗಂಟೆಯಾದರೂ ಎರಡು ಕುರ್ಚಿಗಳ ಮೇಲೆ ಮಾತ್ರ ಜನ. ಅದರಲ್ಲೊಬ್ಬ ದಾರಿಹೋಕ, ಬಿಸಿಲಿಗೆ ದಣಿದು ಕೂತಿದ್ದವನು, ಸಾವಿನ ಮನೆಯೆಂದು ಗೊತ್ತಾದ ಮೇಲೆ ಎದ್ದು ಹೋಗಲು ನಾಚಿಕೊಂಡು ಅಲ್ಲೇ ಉಳಿದಿದ್ದ.

*

ಸತ್ತವನು ಊರಿಗೆಲ್ಲ ಸುಣ್ಣದಣ್ಣ. ಮನೆಗಳಿಗೆ ಸುಣ್ಣ ಹೊಡೆಯುವುದು ಅವನ ಕಸುಬು. ಅವನಿಗೆ ಇಪ್ಪತ್ತಾರು ವರ್ಷವಾಗಿದ್ದಾಗ ಶಾಲೆಯ ಹೆಡ್‌ಮಾಸ್ಟರ್ ಊರಿನ ಹುಡುಗರನ್ನು ಕೂಡಿಸಿ ಫುಟ್‌ಬಾಲ್ ಸಂಘ ಕಟ್ಟಿದರು. ಆಗ ಇದ್ದದ್ದು ಒಂದು ಚೆಂಡು, ಹದಿಮೂರು ಹುಡುಗರು ಮತ್ತು ದನ ಮೇಯುವ ಒಂದು ಬಯಲು. ವರ್ಷಕ್ಕೆ ಆರು ತಿಂಗಳು ಬಯಲು ದನಗಳದ್ದು, ಆರು ತಿಂಗಳು ಸಂಘದ್ದು ಎಂದು ಒಪ್ಪಂದವಾಯಿತು. ಹಾಗಾಗಿ ಗೋಲಿನ ಕಂಬಗಳನ್ನು ಪ್ರತಿ ವರ್ಷ ಕಿತ್ತಿಡಬೇಕು, ಪ್ರತಿ ವರ್ಷ ಹೊಸದಾಗಿ ನೆಡಬೇಕು. ಗೆರೆ ಹಾಕಲು ಸುಣ್ಣದಣ್ಣನ ಬಳಿ ಸುಣ್ಣವಂತೂ ಇತ್ತು. ಅಳತೆಗೆ ಏನು ಮಾಡುವುದು?

ಹೆಡ್‌ಮಾಸ್ಟರ್ ಶಾಲೆಯ ಟೇಪು ತಂದು ಅವನನ್ನು ಹತ್ತು ಹೆಜ್ಜೆ ನಡೆಸಿದರು. ಹತ್ತು ಮೀಟರ್. ಇನ್ನೊಮ್ಮೆ ನಡೆಸಿದರು. ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಹತ್ತು ಮೀಟರ್. "ನಿನ್ನ ಕಾಲಿರುವಾಗ ಟೇಪ್ ಯಾಕಯ್ಯ," ಎಂದು ಅದನ್ನು ಸುತ್ತಿಕೊಂಡು ಹೋದರು. ಊರಿನ ಮುಂದೆ ಸುಣ್ಣದಣ್ಣನಿಗೆ ಸಿಕ್ಕಿದ ಬಿರುದು ಅದೊಂದೇ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಆಟದ ಋತುವಿನ ಮೊದಲ ದಿನ ಅವನು ಬಯಲಿನ ಈಚೆಯ ಗಡಿಕಲ್ಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಹುಡುಗರೆಲ್ಲ ಹಿಂದೆ ಸಾಲಾಗಿ ನಿಂತು ಗಂಟಲು ಹರಿಯುವಂತೆ ಎಣಿಸಬೇಕು. ನೂರು ಎಂದ ಜಾಗದಲ್ಲಿ ಗೋಲಿಗೆ ಗುಂಡಿ ತೋಡಬೇಕು. ಹಸಿ ಗೆರೆ ತುಳಿದವನು ಆ ದಿನ ಆಡುವಂತಿಲ್ಲ. ಅವನು ಹೆಡ್‌ಮಾಸ್ಟರ ಮಗನಾದರೂ ಸರಿ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬುದು ಅವನಲ್ಲಿರಲಿಲ್ಲ, ಎಲ್ಲರಿಗೂ ಸುಣ್ಣವೇ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಮೊದಲ ತಂಡದ ಹದಿನಾಲ್ಕು ವರ್ಷದ ಎಡಪಕ್ಕದ ಆಟಗಾರನೇ ಈ ದರ್ಜಿ.

ಹದಿನಾರನೆಯ ವರ್ಷ ಸುಣ್ಣದಣ್ಣ ಏಣಿಯಿಂದ ಬಿದ್ದ. ಎಡಮಂಡಿ ಕೂಡಿಕೊಂಡಿತು, ಆದರೆ ಮಡಚಲು ಬಾರದಾಯಿತು. ಮೂರು ತಿಂಗಳಿಗೆ ಎದ್ದು ಬಂದು ಗಡಿಕಲ್ಲಿಗೆ ಬೆನ್ನು ಕೊಟ್ಟು ನಿಂತ. ಹುಡುಗರು ಎಣಿಸಿದರು. ನೂರಕ್ಕೆ ನೂರು ಸರಿಯಿತ್ತು. ಟೇಪು ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎಣಿಕೆ ತಪ್ಪಿದ್ದರೆ ತಾನೇ ಹೊಳೆಯುವುದು.

*

ಒಂದು ಗಂಟೆಗೆ ಬಸ್ಸಿನ ಡ್ರೈವರ್ ಬಂದ. ಖಾಕಿ ಅಂಗಿಯಲ್ಲೇ ಬಂದಿದ್ದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟವನನ್ನು ದರ್ಜಿ ನೋಡಿ ಮುಖ ತಿರುಗಿಸಿದ.

"ಗೋಡೆ ಅಲ್ವಾ ನೀನು?" ಎಂದಳು ಹೆಂಡತಿ.

"ಹೌದು ಅತ್ತಿಗೆ."

ಹಿಂದೆ ಅವನು ಸಂಘದ ಗೋಲ್‌ಕೀಪರ್. ಚೆಂಡನ್ನು ದಾಟಲು ಬಿಡುವುದಿಲ್ಲವೆಂದು ಗೋಡೆ ಎಂಬ ಹೆಸರು ಬಿದ್ದಿತ್ತು. ಹಾಸಿಗೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಬಹಳ ಹೊತ್ತು ಸತ್ತವನ ಮುಖ ನೋಡಿದ.

"ಸಭೆಯಲ್ಲಿ ಮೊದಲು ಕೈ ಎತ್ತಿದ್ದು ನಾನೇ," ಎಂದ.

"ಗೊತ್ತು. ಮನೆಗೆ ಬಂದು ಹೇಳಿದ್ರು. ಯಾರ್ಯಾರು ಎತ್ತಿದ್ರು ಅಂತ ಹೇಳಲಿಲ್ಲ, ಗೋಡೆ ಎತ್ತಿದ ಅಂತ ಮಾತ್ರ ಹೇಳಿದ್ರು."

ಗೋಡೆ ಅಂಗೈಯಿಂದ ಮುಖ ಒರೆಸಿಕೊಂಡ.

*

ಸುಣ್ಣದಣ್ಣ ಗೆರೆ ಹಾಕಿದ ಕೊನೆಯ ಆರು ವರ್ಷ ಸಂಘದ ಸುವರ್ಣಕಾಲ. ಊರಿನ ಮೈದಾನದಲ್ಲಿ ಅವರನ್ನು ಸೋಲಿಸಿದವರೇ ಇಲ್ಲ. ಗಿಡ್ಡ ಗಿಡ್ಡ ಪಾಸುಗಳು. ಎದುರಾಳಿ ತಿರುಗಿ ನೋಡುವುದರೊಳಗೆ ಚೆಂಡು ಗೋಲಿನ ಬಾಯಲ್ಲಿ. ಹೊರ ಊರಿಗೆ ಹೋದರೆ ಮಾತ್ರ ದ್ವಿತೀಯಾರ್ಧದಲ್ಲಿ ನಾಲಿಗೆ ಹೊರಗೆ ಚಾಚಿಕೊಂಡು ಬರುತ್ತಿದ್ದರು, ಅದಕ್ಕೆ ಅಲ್ಲಿನ ಗಾಳಿ, ನೀರು, ರೆಫರಿ ಎಂದು ಕಾರಣಗಳಿದ್ದವು. ಇಲ್ಲಿ ಬಂದು ಸೋತವರು ನಿಮ್ಮ ಮೈದಾನವೇ ಸರಿಯಿಲ್ಲ ಎಂದರೆ ಊರಿಗೆ ಊರೇ ನಗುತ್ತಿತ್ತು: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ಅಧ್ಯಕ್ಷ. ಹೆಡ್‌ಮಾಸ್ಟರ ಮಗ, ಹಾರ್ಡ್‌ವೇರ್ ಅಂಗಡಿಯವನು, ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಿಸ್ಸೀಮ.

ಮೂವತ್ತನೆಯ ವರ್ಷ ಲೀಗಿನವರು ಟೇಪು ತಂದರು. ಎಂಬತ್ತೆರಡು ಮೀಟರ್. ನಿಯಮದ ಪ್ರಕಾರ ತೊಂಬತ್ತಕ್ಕೆ ಕಡಿಮೆ ಇರಕೂಡದು. ಅಧ್ಯಕ್ಷ ಇನ್ನೊಮ್ಮೆ ಅಳೆಸಿದ. ಎಂಬತ್ತೆರಡು. ಅಳತೆಯಲ್ಲೇ ಏನೋ ತಪ್ಪಾಗಿದೆ ಎಂದು ಸುಣ್ಣದಣ್ಣನಿಗೆ ಅನ್ನಿಸಿತು. ಗಡಿಕಲ್ಲಿಗೆ ಹೋಗಿ ಬೆನ್ನು ಕೊಟ್ಟು ನಿಂತು, ಎಲ್ಲರ ಎದುರು ಒಬ್ಬನೇ ಎಣಿಸುತ್ತ ನಡೆದ. ಗೋಲಿನ ಗೆರೆ ಮುಟ್ಟಿದಾಗ ತಲೆ ಎತ್ತಿ, "ನೂರಿದೆಯಲ್ಲ?" ಎಂದ. ಯಾರೋ ನಕ್ಕರು. ಅವನು ತನ್ನ ಎಡಗಾಲನ್ನು ನೋಡಿಕೊಂಡ. ಆಗ ಅವನಿಗೆ ತಿಳಿಯಿತು.

ಆ ವರ್ಷ ಗೆದ್ದ ಪಂದ್ಯಗಳನ್ನೆಲ್ಲ ಅಳಿಸಿಹಾಕಿ ಸಂಘವನ್ನು ಮೂರು ವರ್ಷ ಲೀಗಿನಿಂದ ಹೊರಗಿಟ್ಟರು. ಸಭೆಯಲ್ಲಿ ಅಧ್ಯಕ್ಷ, "ಸುಣ್ಣ ಬಳಿಯೋನು ನಮ್ಮ ಮುಖಕ್ಕೆ ಮಸಿ ಬಳಿದ," ಎಂದ. ಮಾತು ಚೆನ್ನಾಗಿತ್ತು, ಊರು ವರ್ಷಗಟ್ಟಲೆ ಅದನ್ನು ಆಡಿಕೊಂಡಿತು. ಆ ಸಭೆಯಲ್ಲೇ ಕೈ ಎತ್ತಿಸಿ ಸುಣ್ಣದಣ್ಣನನ್ನು ಸಂಘದಿಂದ ತೆಗೆದರು. ಬೇಕೆಂದೇ ಮಾಡಿದನೆಂದು ಕೆಲವರು, ಗೆಲ್ಲುವ ಆಸೆಗೆ ಮಾಡಿದನೆಂದು ಕೆಲವರು. ಕಾಲು ಸೋತಿದೆ, ಹೆಜ್ಜೆ ಗಿಡ್ಡವಾಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಲಿಲ್ಲ. ಕುಂಟ ಅನ್ನಿಸಿಕೊಳ್ಳುವುದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದೇ ವಾಸಿಯೆನಿಸಿತೋ ಏನೋ. ಮತ್ತೆ ಹನ್ನೊಂದು ವರ್ಷ ಮೈದಾನದ ಕಡೆ ಕಾಲಿಡಲಿಲ್ಲ. ಮ್ಯಾಚಿನ ದಿನ ಹಿಂದಿನ ಕೋಣೆಯಲ್ಲಿ ಕೂತು ರೇಡಿಯೊ ಜೋರು ಮಾಡುತ್ತಿದ್ದ.

*

"ಮೊದಲ ವರ್ಷ ನನ್ನ ಕಿಕ್ಕು ನಡುಗೆರೆ ದಾಟ್ತಿರಲಿಲ್ಲ," ಎಂದ ಗೋಡೆ. "ಆರನೇ ವರ್ಷಕ್ಕೆ ದಾಟಿ ಬೀಳ್ತಿತ್ತು. ನನಗೆ ಬಲ ಬರ್ತಿದೆ ಅಂದ್ಕೊಂಡೆ. ಆ ನಂಬಿಕೆ ಮೇಲೇ ದೊಡ್ಡ ತಂಡದ ಆಯ್ಕೆಗೆ ಹೋದೆ. ಅಲ್ಲಿ ಒದ್ದೆ, ಚೆಂಡು ನಡುಗೆರೆಯ ಈಚೆಗೇ ಬಿತ್ತು. ಇನ್ನೊಂದು ಸಲ ಒದಿ ಅಂದ್ರು. ಅದೂ ಅಷ್ಟೇ. ವಾಪಸು ಬಂದ ವಾರವೇ ಟೇಪು ಹಿಡಿದ್ರು. ಸಿಟ್ಟು ಬಂತು ಅತ್ತಿಗೆ. ಇಷ್ಟು ವರ್ಷ ನನಗೆ ಸುಳ್ಳು ಹೇಳಿದ ಅನ್ನಿಸಿತು. ಕೈ ಎತ್ತಿದೆ."

"ಈಗ?"

"ಈಗ ದಿನಾ ಬಸ್ಸಿಗೆ ಹತ್ತೋ ಮುದುಕರನ್ನ ನೋಡ್ತೀನಲ್ಲ. ಮೆಟ್ಟಿಲು ಎತ್ತರ ಆಯ್ತು ಅಂತ ನನ್ನನ್ನ ಬೈತಾರೆ. ಮೆಟ್ಟಿಲು ಇದ್ದಷ್ಟೇ ಇದೆ."

ಅವಳು ಗಂಡನ ಎಡಮಂಡಿಯ ಮೇಲಿನ ಬಟ್ಟೆ ಸರಿಮಾಡಿದಳು.

"ನನ್ನದೂ ಅದೇ ಕತೆ," ಎಂದಳು. "ಮದುವೆಯಾದ ಹೊಸದರಲ್ಲಿ ಇವರ ಹಿಂದೆ ನಾನು ಓಡಬೇಕಿತ್ತು. ಅಂಗಡಿಗೆ ಹೋದ್ರೂ ಓಟ, ನೆಂಟರ ಮನೆಗೆ ಹೋದ್ರೂ ಓಟ. ಇವರು ಮಾತಾಡ್ತಾ ಮುಂದೆ ಹೋಗೋರು, ನನಗೆ ಅರ್ಧ ಕೇಳ್ತಿರಲಿಲ್ಲ. ಆಮೇಲಾಮೇಲೆ ಜೊತೆಗೇ ನಡೆಯೋಕೆ ಶುರು ಮಾಡಿದ್ರು. ನನಗೆಷ್ಟು ಖುಷಿ. ಕೊನೆಗೂ ನನಗೋಸ್ಕರ ನಿಧಾನ ಮಾಡ್ತಿದಾರೆ ಅಂದ್ಕೊಂಡೆ. ಟೇಪು ಹಿಡಿದ ದಿನ ನನಗೂ ಗೊತ್ತಾಯ್ತು."

ದರ್ಜಿ ಕೆಮ್ಮಿದ. ಹೊರಗೆ ದಾರಿಹೋಕ ಎದ್ದು ಹೋಗಿದ್ದ.

*

ಬಡಗಿ ಬಂದಾಗ ಮೂರೂವರೆ. ಹೊಸ ಪೆಟ್ಟಿಗೆಯಲ್ಲಿ ಕಾಲು ನೀಟಾಗಿ ಹಿಡಿಸಿತು. ಹೆಗಲು ಕೊಡಲು ತಮ್ಮ, ದರ್ಜಿ, ಗೋಡೆ ಮೂವರೇ ಆದರು. ಬಡಗಿ ಅತ್ತಿತ್ತ ನೋಡಿ, ಇನ್ನು ಯಾರೂ ಬರುವುದಿಲ್ಲವೆಂದು ಖಚಿತಪಡಿಸಿಕೊಂಡು, ತಾನೇ ನಾಲ್ಕನೆಯ ಮೂಲೆಗೆ ಭುಜ ಕೊಟ್ಟ.

"ಯಾವ ಕಡೆಗೆ?" ಎಂದ ದರ್ಜಿ.

"ಮೈದಾನದ ಕಡೆಗೆ," ಎಂದಳು.

ಬೇಲಿಯ ಬಾಗಿಲಲ್ಲಿ ಅಧ್ಯಕ್ಷ ನಿಂತಿದ್ದ. ಎರಡೂ ತಂಡಗಳು ಮೈದಾನದ ಹೊರಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದವು. ಪೆಟ್ಟಿಗೆ ಕಂಡು ಒಬ್ಬೊಬ್ಬರೇ ನಿಂತರು. ನಲವತ್ತೊಂದು ವರ್ಷದಲ್ಲಿ ಅವಳು ಆ ಬಾಗಿಲ ತನಕ ಬಂದದ್ದು ಇದೇ ಮೊದಲು. ಸುಣ್ಣ ಮೆತ್ತಿದ ಅಂಗಿಗಳನ್ನು ಉಜ್ಜಿ ಉಜ್ಜಿ ಅವಳ ಬೆರಳು ಸುಲಿದುಹೋಗಿದ್ದವು, ಆ ಸುಣ್ಣ ಎಲ್ಲಿಗೆ ಹೋಗುತ್ತದೆಂದು ನೋಡಲು ಯಾರೂ ಕರೆದಿರಲಿಲ್ಲ.

"ನಿಮ್ಮನ್ನ ಕೇಳಬಾರದು ಅಂತಿದ್ದೆ," ಎಂದಳು. "ಕೇಳ್ತಿದೀನಿ. ಒಳಗಿಂದ ಹೋಗೋಕೆ ಬಿಡಿ. ಅವರ ಆಸೆ."

ಅಧ್ಯಕ್ಷ ಪೆಟ್ಟಿಗೆಯ ಕಡೆ ನೋಡಲಿಲ್ಲ, ಗಡಿಯಾರ ನೋಡಿದ. "ನಾಲ್ಕಕ್ಕೆ ಇನ್ನು ಹತ್ತೇ ನಿಮಿಷ ಇದೆಯಮ್ಮ. ಹೊರ ಊರಿನ ತಂಡ. ರೆಫರಿ ಬಂದಿದಾರೆ."

"ಹತ್ತು ನಿಮಿಷ ಬೇಡ."

ಅವನು ಸುತ್ತ ಕಣ್ಣಾಡಿಸಿದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡಿತು. "ಬೇಡ ಅನ್ನೋಕೆ ನಾನ್ಯಾರು," ಎಂದು ಅರ್ಧ ಬಾಗಿಲು ತೆರೆದ. "ಗೆರೆ ಮಾತ್ರ ತುಳಿಯಬೇಡಿ. ಈಗಷ್ಟೇ ಹಾಕಿಸಿದೀವಿ, ಟೇಪು ಹಿಡಿದು ಸರಿಯಾಗಿ. ಇನ್ನೂ ಹಸಿ ಇದೆ."

ಗೋಡೆ ಏನೋ ಹೇಳಲು ಬಾಯಿ ತೆರೆದ. ಅವಳು ಕಣ್ಣಿನಲ್ಲೇ ಸುಮ್ಮನಿರು ಎಂದಳು.

ನಾಲ್ವರೂ ಒಳಗೆ ಹೋದರು. ಗೋಲಿನ ಗೆರೆ ಬಂದಾಗ ದರ್ಜಿ ಹಳೆಯ ಅಭ್ಯಾಸದಂತೆ ಮಂಡಿ ಎತ್ತಿ ದಾಟಿದ, ಗೋಡೆಯೂ ದಾಟಿದ, ಅವರನ್ನು ನೋಡಿ ಹಿಂದಿನ ಇಬ್ಬರೂ ದಾಟಿದರು. ಪೆಟ್ಟಿಗೆ ಒಮ್ಮೆ ತೂಗಿ ಸಮವಾಯಿತು. ಪೆನಾಲ್ಟಿ ಗೆರೆ, ನಡುಗೆರೆ, ಮತ್ತೆ ಪೆನಾಲ್ಟಿ ಗೆರೆ. ಪ್ರತಿ ಗೆರೆಗೂ ಎಂಟು ಕಾಲುಗಳು ಎತ್ತರಕ್ಕೆದ್ದು ಹುಷಾರಾಗಿ ಇಳಿದವು. ಒಂದು ಚುಕ್ಕೆ ಸುಣ್ಣವೂ ಅಳಿಸಲಿಲ್ಲ.

ಅವಳು ಅವರ ಹಿಂದೆ ಹೋಗಲಿಲ್ಲ. ಮೈದಾನದ ಮೂಲೆಗೆ ಹೋಗಿ ಚಪ್ಪಲಿ ಬಿಟ್ಟು ಬದಿಯ ಗೆರೆಯ ಮೇಲೆ ನಿಂತಳು. ಆಮೇಲೆ ಗೆರೆಯ ಮೇಲೇ ನಡೆಯತೊಡಗಿದಳು, ಒಂದು ಪಾದದ ಮುಂದೆ ಇನ್ನೊಂದು ಪಾದ ಊರುತ್ತ. ಹಸಿ ಸುಣ್ಣ ಹಿಮ್ಮಡಿಗೆ ಮೆತ್ತಿ, ಬೆರಳ ಸಂದಿಯಿಂದ ಮೇಲೆ ಬಂದು, ಹಿಂದೆ ಗೆರೆ ಕದಡಿ ಹುಲ್ಲಿನಲ್ಲಿ ಹರಡಿತು. "ಏಯಮ್ಮ," ಎಂದ ಅಧ್ಯಕ್ಷ. ರೆಫರಿ ಸೀಟಿಯನ್ನು ಬಾಯಿಗೆ ಒಯ್ದವನು ಹಾಗೇ ಹಿಡಿದುಕೊಂಡ. ಹುಡುಗರು ಚೆಂಡನ್ನು ಕಾಲಡಿ ಒತ್ತಿ ನಿಂತಿದ್ದರು.

ಅವಳು ಯಾರ ಕಡೆಯೂ ನೋಡಲಿಲ್ಲ, ಓಡಲೂ ಇಲ್ಲ. ಮೈದಾನದ ಆಚೆ ತುದಿಯಲ್ಲಿ ನಾಲ್ವರೂ ಇತ್ತ ತಿರುಗಿ, ಹೆಗಲ ಮೇಲಿನ ಭಾರ ಕೆಳಗಿಳಿಸದೆ, ಅವಳು ಬರುವವರೆಗೆ ಕಾಯುತ್ತ ನಿಂತಿದ್ದರು.