ಕಾರ್ಡಿಗೆ ಇಳಿದ ಕುಂಕುಮ

ಒರೆಸಿಬಿಡಲೇ, ಇಲ್ಲ ಮುಚ್ಚಳ ಹಾಕಿ ಎದ್ದುಬಿಡಲೇ? ಒರೆಸಿದರೆ ಐದು ನಿಮಿಷದ ಕೆಲಸ. ಹೋದ ವಾರವೂ ಐದು ನಿಮಿಷದ್ದೇ ಆಗಿತ್ತು.

ಮಹದೇವು ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತಿದ್ದ. ಕೊಳ್ಳೇಗಾಲದ ತನ್ನ ರಿಪೇರಿ ಅಂಗಡಿಗೆ ಬೀಗ ಹಾಕಿ ಯಳಂದೂರಿನ ಈ ಮನೆಗೆ ಬಂದದ್ದು ಇದು ಮೂರನೇ ಸಲ. ಎದುರಿಗಿದ್ದ ಹಳೇ ಕಂಪ್ಯೂಟರೇ ಈ ಮನೆಯ ಫೈರ್‌ವಾಲ್. ಹೊರಗಿನ ಇಂಟರ್‌ನೆಟ್ ಇದನ್ನು ದಾಟಿಯೇ ಒಳಗೆ ಬರಬೇಕು. ಆಯುಧಪೂಜೆ ಆದಾಗಿನಿಂದ ಅರ್ಧ ಗಂಟೆಗೊಮ್ಮೆ ನೆಟ್ ನಿಲ್ಲುತ್ತಿತ್ತು. ಪರದೆಯ ಮೇಲೆ ಒಂದೇ ದೂರು: ನೆಟ್‌ವರ್ಕ್ ಕಾರ್ಡು ಉತ್ತರಿಸುತ್ತಿಲ್ಲ, ಟೈಮ್‌ಔಟ್.

ಮೊದಲ ಸಲ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದ. ಎರಡು ದಿನ ನಡೆಯಿತು. ಹೋದ ವಾರ ಎರಡನೇ ಸಲ ಬಂದು ಪೆಟ್ಟಿಗೆ ಬಿಚ್ಚಿದಾಗ ಕಾರಣ ಕಂಡಿತು. ಪೂಜೆಯ ದಿನ ನೀರಲ್ಲಿ ಕಲಸಿ ಬಳಿದ ಕುಂಕುಮ ಗಾಳಿಕಿಂಡಿಯಿಂದ ಇಳಿದು, ಕಾರ್ಡು ಕೂರುವ ಜಾಗದಲ್ಲಿ ಒಣಗಿತ್ತು. ಅವನು ಒರೆಸದೆಯೇ ಮುಚ್ಚಳ ಹಾಕಿ, "ಡ್ರೈವರ್ ತೊಂದರೆನೇ ಸಾ" ಎಂದು ಹೊರಟಿದ್ದ.

ಮನೆ ಪುಟ್ಟಮಲ್ಲಪ್ಪ ಮೇಷ್ಟ್ರದು. ಹನ್ನೆರಡು ವರ್ಷದ ಹಿಂದೆ ಕಾಲೇಜಿನ ಲ್ಯಾಬಿನಲ್ಲಿ ಒಂದು ನೆಟ್‌ವರ್ಕ್ ಕಾರ್ಡು ಕಾಣೆಯಾದಾಗ, ಇಡೀ ಕ್ಲಾಸಿನಲ್ಲಿ ಮಹದೇವುವಿನ ಬ್ಯಾಗನ್ನು ಮಾತ್ರ ಅವರು ಸುರುವಿಸಿದ್ದರು. ಊಟದ ಡಬ್ಬಿ ಬಿಚ್ಚಿಕೊಂಡು ಮುದ್ದೆ ನೆಲಕ್ಕೆ ಉರುಳಿತ್ತು. ಕಾರ್ಡು ಸಿಗಲಿಲ್ಲ. "ಮಾರ್ಕೊಂಡಿರ್ತಾನೆ" ಎಂದಿದ್ದರು. ಆ ವರ್ಷವಿಡೀ ಅವನಿಗೆ ಲ್ಯಾಬಿನ ಬಾಗಿಲು ಮುಚ್ಚಿತ್ತು. ಅವನು ಬಾಯಿ ಬಿಟ್ಟಿರಲಿಲ್ಲ.

"ಏನ್ಲಾ ಮಹದೇವು, ಮೂರು ಸಲ ಆಯ್ತು. ಪೆಟ್ಟಿಗೆ ನೋಡಕ್ ಬತ್ತಿಯೋ, ಕಾಪಿ ಕುಡಿಯಕ್ ಬತ್ತಿಯೋ?" ಮೇಷ್ಟ್ರು ಒಳಗೆ ಬಂದರು. "ಡ್ರೈವರ್ರೂ ಅಲ್ಲ, ಗೀವರ್ರೂ ಅಲ್ಲ. ಗುರುಸಿದ್ದಮ್ಮ ಕಸ ಗುಡಿಸ್ವಾಗ ವೈರ್ ಎಳ್ದು ಆಳ್ ಮಾಡವ್ಳೆ. ನಾಳಿಂದ ಬರಬ್ಯಾಡ ಅಂದಿವ್ನಿ."

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗುರುಸಿದ್ದಮ್ಮ ಹೇಳಿದಳು, "ನಾ ಅದುನ್ನ ಮುಟ್ಟೇ ಇಲ್ಲ ಸಾ."

"ಮುಟ್ಟುದ್ರೂ ಇಂಗೇ ಅಂತೀಯ."

ಹೋದ ವಾರವೇ ಒರೆಸಿದ್ದರೆ ಈ ಮಾತು ಬರುತ್ತಿರಲಿಲ್ಲ. ಮಹದೇವು ಕಾರ್ಡು ಕಿತ್ತು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿದ. ಕೆಂಪಾದ ಹತ್ತಿಯನ್ನು ಮೇಷ್ಟ್ರ ಅಂಗೈಯಲ್ಲಿಟ್ಟ.

"ಸಾ, ಇದನ್ನ ಬಳ್ದೋರು ಯಾರು?"

ಮನೆಯಿಂದಲೇ ಆಫೀಸು ಕೆಲಸ ಮಾಡುವ ಮಗಳು ಕುಸುಮ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. "ಅಪ್ಪಾಜಿ, ನೀವೇ ಅಲ್ವಾ? ಬೇಡ ಅಂದ್ರೂ ಮೂರು ಪಟ್ಟೆ ಎಳೆದ್ರಿ."

ಮೇಷ್ಟ್ರು ಹತ್ತಿಯನ್ನೇ ನೋಡಿದರು. "ಸರಿ, ಕಾರ್ಡು ಹಾಕು."

ಮಹದೇವು ಕಾರ್ಡನ್ನು ಕೈಯಲ್ಲೇ ಇಟ್ಟುಕೊಂಡ. "ಮೊದ್ಲು ಗುರುಸಿದ್ದಮ್ಮೋರಿಗೆ ತಪ್ಪು ಯಾರ್ದು ಅಂತ ಹೇಳಿ ಸಾ. ಆಮೇಲೆ ಹಾಕ್ತೀನಿ."

ಅವನಿಗೆ ಅವಸರವಿರಲಿಲ್ಲ. ಕೊನೆಗೆ ಮೇಷ್ಟ್ರು ಗೋಡೆಯ ಕಡೆ ತಿರುಗಿ ಗೊಣಗಿದರು, "ತಪ್ಪು ನಂದೇ ಕಣಮ್ಮ."

"ಅವ್ರಿಗೆ ಕೇಳಿಸ್ನಿಲ್ಲ ಸಾ," ಎಂದ ಮಹದೇವು.

"ತಪ್ಪು ನಂದು. ನಾಳೆ ಬಾ."

"ಬತ್ತೀನಿ," ಎಂದಳು ಗುರುಸಿದ್ದಮ್ಮ. "ಈ ರೂಮ್ನ ಮಾತ್ರ ನೀವೇ ಗುಡಿಸ್ಕಳಿ."

ಕಾರ್ಡು ಹಾಕಿ ಒಂದು ಗಂಟೆ ಕಾದ. ಟೈಮ್‌ಔಟ್ ಬರಲಿಲ್ಲ. ಗೇಟಿನ ಬಳಿ ಮೇಷ್ಟ್ರು ಕೇಳಿದರು, "ನೀನು ನಮ್ಮ ಕಾಲೇಜೇ ಅಲ್ವಾ? ಯಾವ ಬ್ಯಾಚು?"

ಅವನು ವರ್ಷ ಹೇಳಿದ. ಮೇಷ್ಟ್ರು ತಲೆಯಾಡಿಸಿದರು. ಅವರಿಗೆ ಏನೂ ನೆನಪಾಗಲಿಲ್ಲ.

ಲ್ಯಾಬಿನ ಆ ಕಾರ್ಡನ್ನು ತಾನು ಕದ್ದಿರಲಿಲ್ಲ ಎಂದು ಮಹದೇವು ಅವರಿಗೆ ಎಂದೂ ಹೇಳಲಿಲ್ಲ.